ಕಿಸೆಗೊಂದು ಚಾಕು, ಕೊಡಗಿನ ಮಳೆ ತಾಳುವಂಥದ್ದು

ಕೊಡಗಿನ ಮನೆಗಳಲ್ಲಿ ಕತ್ತಿಗೆ ಬರವಿಲ್ಲ. ತೋಟದ ಕಾಡು ಸವರಲು ಒಂದು, ಸೌದೆ ಸೀಳಲು ಒಂದು, ಅಡುಗೆಮನೆಯಲ್ಲಿ ಮಾಂಸಕ್ಕೆ ಬೇರೆ, ತರಕಾರಿಗೆ ಬೇರೆ. ಕೊಡವರ ಮನೆಯಾದರೆ ಇವುಗಳ ಜೊತೆಗೆ ಪೆಟ್ಟಿಗೆಯೊಳಗೆ ಬೆಳ್ಳಿಕಟ್ಟಿನ ಪೀಚೆಕತ್ತಿ, ಗೋಡೆಯಲ್ಲಿ ಒಡಿಕತ್ತಿ. ಇಷ್ಟಿದ್ದೂ ತೋಟದ ನಡುವೆ ಗೊಬ್ಬರದ ಚೀಲದ ಹೊಲಿಗೆ ಬಿಚ್ಚುವ ಹೊತ್ತಿಗೆ ಬಹಳ ಮಂದಿ ಬಳಸುವುದು ಹಲ್ಲನ್ನು. ಹಲ್ಲು ಸೋತರೆ ಬೈಕಿನ ಕೀಲಿ.

ಮಡಚಿ ಕಿಸೆಗೆ ಹಾಕಿಕೊಳ್ಳುವ ಚಾಕು ಬೇಕಾಗುವುದು ಇಂಥ ಕಡೆ. ಅದರ ಕೆಲಸಗಳೆಲ್ಲ ಸಣ್ಣವು. ಮೆಣಸಿನ ಬಳ್ಳಿಯನ್ನು ಮರಕ್ಕೆ ಬಿಗಿದ ಹಗ್ಗದ ತುದಿ ಕತ್ತರಿಸುವುದು, ಕಾಫಿ ಚೀಲದ ಬಾಯಿ ಬಿಚ್ಚುವುದು, ಸೋರುವ ಪೈಪಿಗೆ ಸುತ್ತಲು ಹಳೆಯ ಟ್ಯೂಬಿನಿಂದ ಪಟ್ಟಿ ಸೀಳುವುದು, ಒಣಗಿದಂತೆ ಕಾಣುವ ರೆಂಬೆಯ ತೊಗಟೆ ಕೆರೆದು ಒಳಗೆ ಹಸಿರು ಉಳಿದಿದೆಯೇ ಎಂದು ನೋಡುವುದು, ಮಳೆಗಾಲದಲ್ಲಿ ಅಣಬೆಯ ಬುಡ ಕೊಯ್ಯುವುದು, ಮನೆಗೆ ಬಂದ ಪಾರ್ಸೆಲ್ಲಿನ ಟೇಪು ಹರಿಯುವುದು. ಇವುಗಳಲ್ಲಿ ಯಾವುದಕ್ಕೂ ಬಲ ಬೇಕಿಲ್ಲ. ಬಲ ಬೇಕಾದ ಕೆಲಸಕ್ಕೆ ಕತ್ತಿ ಇದ್ದೇ ಇದೆ.

ಆದ್ದರಿಂದ ಚಾಕು ಕೊಳ್ಳಲು ಹೊರಟವರು ‘ಯಾವುದು ಗಟ್ಟಿ’ ಎಂದು ಕೇಳುವುದನ್ನು ಮೊದಲು ಬಿಡಬೇಕು. ನಮ್ಮ ಜಿಲ್ಲೆಯಲ್ಲಿ ಕಿಸೆಯ ಚಾಕು ಹಾಳಾಗುವುದು ಹೆಚ್ಚು ದುಡಿದು ಅಲ್ಲ, ಒದ್ದೆಯಾಗಿ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಗಾಳಿಬೀಡು, ಭಾಗಮಂಡಲದ ಕಡೆ ಇನ್ನೂ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ಯಾಂಟಿನ ಕಿಸೆಯೇ ಒಣಗುವುದಿಲ್ಲ, ಅದರೊಳಗಿನ ಕಬ್ಬಿಣ ಒಣಗುವುದೆಲ್ಲಿ ಬಂತು? ಕುಶಾಲನಗರದಲ್ಲಿ ಅದರ ಅರ್ಧದಷ್ಟೂ ಮಳೆಯಿಲ್ಲ. ಬೆಂಗಳೂರಿನ ಗೆಳೆಯ ಹೊಗಳಿದ ಚಾಕು ಕುಶಾಲನಗರದಲ್ಲಿ ಚೆನ್ನಾಗಿಯೇ ನಡೆದು, ಗಾಳಿಬೀಡಿನಲ್ಲಿ ಒಂದೇ ಮಳೆಗಾಲಕ್ಕೆ ಕೆಂಪಾಗಬಹುದು.

ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿ, ಕತ್ತಿಗಳನ್ನು ತೊಳೆದು ಒರೆಸಿ ಸಾಲಾಗಿ ಇಟ್ಟು ಪೂಜೆ ಮಾಡುತ್ತೇವೆ, ಕೋವಿಗೆ ತೋಕ್‌ಪೂ ಎಂಬ ಹೂ ಸಿಕ್ಕಿಸುತ್ತೇವೆ. ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ ಮೊದಲ ದಿನಗಳಲ್ಲಿ ಬರುವ ಹಬ್ಬ ಅದು. ಅಂದರೆ ಮಳೆಗಾಲ ಪೂರ್ತಿ ಕಳೆದಿರುವುದಿಲ್ಲ, ಆದರೂ ವರ್ಷಕ್ಕೊಮ್ಮೆಯಾದರೂ ಆಯುಧಗಳೆಲ್ಲ ಹೊರಬಂದು ತುಕ್ಕಿನ ತಪಾಸಣೆ ನಡೆಯುತ್ತದೆ. ಕಿಸೆಯ ಚಾಕುವಿಗೆ ಅಂಥ ಹಬ್ಬವಿಲ್ಲ. ಅದರ ತುಕ್ಕು ಕಣ್ಣಿಗೆ ಬೀಳುವಾಗ ಕೀಲೇ ಹಿಡಿದುಕೊಂಡಿರುತ್ತದೆ.

ಅಳತೆ, ಆಕಾರ

ಅಲಗು ಆರೂವರೆಯಿಂದ ಎಂಟೂವರೆ ಸೆಂಟಿಮೀಟರ್ ಇದ್ದರೆ ಸಾಕು, ಅಂದರೆ ಎರಡೂವರೆಯಿಂದ ಮೂರೂಕಾಲು ಇಂಚು. ಕಿತ್ತಳೆಯನ್ನು ಅಡ್ಡಕ್ಕೆ ಕೊಯ್ಯಲು ಇದಕ್ಕಿಂತ ಉದ್ದ ಬೇಡ. ಹತ್ತು ಸೆಂಟಿಮೀಟರಿನ ಚಾಕು ಅಂಗಡಿಯ ಗಾಜಿನೊಳಗೆ ಚೆನ್ನಾಗಿ ಕಾಣುತ್ತದೆ. ಜೀಪಿನ ಸೀಟಿನಲ್ಲಿ ಕೂತಾಗ ತೊಡೆಗೆ ಒತ್ತುತ್ತದೆ, ಮೂರನೇ ದಿನಕ್ಕೆ ಮನೆಯ ಡ್ರಾಯರ್ ಸೇರುತ್ತದೆ. ತೂಕವೂ ಹಾಗೆಯೇ: ನೂರು ಗ್ರಾಂ ದಾಟಿದ್ದು ಕಿಸೆಯಲ್ಲಿ ಉಳಿಯುವುದು ಅಪರೂಪ.

ಉದ್ದಕ್ಕಿಂತ ಮುಖ್ಯವಾದದ್ದು ಅಲಗಿನ ದಪ್ಪ, ಅದನ್ನು ಯಾರೂ ಅಳೆಯುವುದಿಲ್ಲ. ಅಗ್ಗದ ಚಾಕು ಮಾಡುವವರು ಗಿರಾಕಿಯ ಕಣ್ಣಿಗೆ ‘ಗಟ್ಟಿ’ ಕಾಣಲೆಂದು ಮೂರೂವರೆ, ನಾಲ್ಕು ಮಿಲಿಮೀಟರ್ ದಪ್ಪದ ಪಟ್ಟಿ ಹಾಕುತ್ತಾರೆ. ಅದು ಸೇಬನ್ನು ಕೊಯ್ಯುವುದಿಲ್ಲ, ಸೀಳುತ್ತದೆ. ಹಗ್ಗದಲ್ಲಿ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. ಬೆನ್ನಿನಲ್ಲಿ ಎರಡು ಮಿಲಿಮೀಟರ್ ಆಸುಪಾಸು ಇದ್ದು, ಅಲ್ಲಿಂದ ಅಂಚಿನವರೆಗೆ ಸಮನಾಗಿ ತೆಳುವಾಗುತ್ತ ಬಂದ ಅಲಗು ಮೊಂಡಾಗಿದ್ದರೂ ಒಂದಿಷ್ಟು ಕೊಯ್ಯುತ್ತದೆ. ದಪ್ಪ ಅಲಗು ಹರಿತವಾಗಿದ್ದರೂ ತಿಣುಕುತ್ತದೆ.

ಮೊನೆ ಚೂಪಾಗಿ ಎದ್ದು ನಿಲ್ಲುವುದಕ್ಕಿಂತ, ಬೆನ್ನು ಮೆಲ್ಲಗೆ ಇಳಿದು ಅಂಚಿಗೆ ಸೇರುವ ಆಕಾರ ದಿನಬಳಕೆಗೆ ಒಳ್ಳೆಯದು. ಹಗ್ಗ, ಚೀಲದ ಕೆಲಸವೇ ಹೆಚ್ಚಿದ್ದವರಿಗೆ ಅಂಚು ನೇರವಾಗಿ, ಮೊನೆಯೇ ಇಲ್ಲದಂತೆ ಬೆನ್ನು ಬಾಗಿದ ಅಲಗು ಇನ್ನೂ ಒಳ್ಳೆಯದು. ಕೊಡಗಿನಲ್ಲಿ ಇದು ಹೊಸದೇನಲ್ಲ. ಎರಡನೆಯ ಮಹಾಯುದ್ಧದ ಕಾಲದ ಬ್ರಿಟಿಷ್ ಸೈನ್ಯದ ಮಡಚುವ ಚಾಕುವಿಗೆ ಇದೇ ಆಕಾರದ ಅಲಗು, ಜೊತೆಗೆ ಡಬ್ಬಿ ತೆರೆಯುವ ಕೊಕ್ಕೆ, ಹಗ್ಗದ ಗಂಟು ಬಿಡಿಸುವ ದಪ್ಪ ಸೂಜಿ ಇರುತ್ತಿದ್ದವು. ಸೈನಿಕರ ಜಿಲ್ಲೆಯಾದ್ದರಿಂದ ಅಜ್ಜನ ಟ್ರಂಕು ಬಿಚ್ಚಿದರೆ ಅಂಥದ್ದೊಂದು ಸಿಕ್ಕರೂ ಸಿಗಬಹುದು. ಸಿಕ್ಕರೆ ಈ ಲೇಖನವನ್ನು ಇಲ್ಲಿಗೇ ನಿಲ್ಲಿಸಿ ಅದಕ್ಕೆ ಎಣ್ಣೆ ಹಾಕಿ.

ಅರ್ಧ ಅಂಚಿಗೆ ಗರಗಸದ ಹಲ್ಲು ಇರುವ ಚಾಕು ಬೇಡ. ಹಗ್ಗಕ್ಕೆ ಒಳ್ಳೆಯದು ನಿಜ, ಆದರೆ ಮನೆಯ ಸಾಣೆಕಲ್ಲಿನಲ್ಲಿ ಆ ಹಲ್ಲುಗಳನ್ನು ಹರಿತ ಮಾಡಲಾಗದು. ಕರಿ ಬಣ್ಣ ಬಳಿದ ಅಲಗಿನ ಬಗ್ಗೆಯೂ ನನಗೆ ಒಲವಿಲ್ಲ. ಅಗ್ಗದ ಬಣ್ಣ ಕೆಲವು ತಿಂಗಳಲ್ಲಿ ಗೀರುಗೀರಾಗಿ ಎದ್ದು ಹಣ್ಣಿನ ಜೊತೆ ಬಾಯಿಗೂ ಬರುತ್ತದೆ.

ಹಿಡಿಯ ಬಣ್ಣದ ಬಗ್ಗೆ ಒಂದು ಮಾತು. ಹಸಿರು, ಕಂದು, ಮಿಲಿಟರಿ ಮಚ್ಚೆಯ ಹಿಡಿಗಳು ತೋಟದಲ್ಲಿ ಬಿದ್ದರೆ ಹೋದ ಹಾಗೆಯೇ. ಕಾಫಿ ಗಿಡದ ಬುಡದ ತರಗೆಲೆಯಲ್ಲಿ ಹುಡುಕಿ ಸಿಗುವುದಿಲ್ಲ. ಕಿತ್ತಳೆ, ಹಳದಿ, ಕೆಂಪು ಬಣ್ಣದ್ದು ಕೊಳ್ಳಿ. ಇಲ್ಲವೇ ತೂತಿಗೆ ಒಂದು ಗೇಣು ಕೆಂಪು ನೈಲಾನ್ ದಾರ ಕಟ್ಟಿ.

ಉಕ್ಕು ಮತ್ತು ಮಳೆ

ಸ್ಟೇನ್‌ಲೆಸ್ ಎಂದು ಬರೆದಿದ್ದರೆ ತುಕ್ಕು ಹಿಡಿಯುವುದಿಲ್ಲ ಎಂದುಕೊಳ್ಳುವವರಿದ್ದಾರೆ. ನಿಧಾನವಾಗಿ ಹಿಡಿಯುತ್ತದೆ, ಅಷ್ಟೇ. ಉಕ್ಕಿಗೆ ಹರಿತ ನಿಲ್ಲುವ ಗಡಸುತನ ಕೊಡುವುದು ಇಂಗಾಲ. ತುಕ್ಕು ತಡೆಯುವುದು ಕ್ರೋಮಿಯಂ. ಕ್ರೋಮಿಯಂ ಶೇ 13ರ ಆಸುಪಾಸಿನಲ್ಲಿದ್ದರೆ ಚಾಕುವಿನ ಉಕ್ಕು ಸ್ಟೇನ್‌ಲೆಸ್ ಎನಿಸಿಕೊಳ್ಳುತ್ತದೆ. ಆದರೆ ಇಂಗಾಲ ಹೆಚ್ಚಾದಷ್ಟೂ ಅದು ಕ್ರೋಮಿಯಂನ ಒಂದು ಪಾಲನ್ನು ತನ್ನ ಜೊತೆ ಕಟ್ಟಿಹಾಕಿಕೊಳ್ಳುತ್ತದೆ, ತುಕ್ಕು ತಡೆಯಲು ಉಳಿಯುವುದು ಕಡಿಮೆಯಾಗುತ್ತದೆ. ಹರಿತ ಬಹಳ ದಿನ ನಿಲ್ಲುವ ಅಗ್ಗದ ಚಾಕು ಮಳೆಯಲ್ಲಿ ಬೇಗ ಮಚ್ಚೆಯಾಗುವುದು ಇದಕ್ಕೇ.

ಇದಕ್ಕೆ ಒಳ್ಳೆಯ ಉದಾಹರಣೆ ಡಿ2 ಎಂಬ ಉಕ್ಕು. ಈಗ ಆನ್‌ಲೈನಿನಲ್ಲಿ ಸಿಗುವ ಚೀನಾದ ಚಾಕುಗಳಲ್ಲಿ ಇದರ ಹೆಸರು ದೊಡ್ಡದಾಗಿ ಇರುತ್ತದೆ. ಶೇ 1.5ರಷ್ಟು ಇಂಗಾಲ, ಶೇ 12ರಷ್ಟು ಕ್ರೋಮಿಯಂ. ಅಚ್ಚು, ಡೈಗಳಿಗೆಂದು ಹುಟ್ಟಿದ ಉಕ್ಕು. ಹರಿತ ತಿಂಗಳುಗಟ್ಟಲೆ ನಿಲ್ಲುತ್ತದೆ. ಆದರೆ ಆಷಾಢದಲ್ಲಿ ಒದ್ದೆ ಕಿಸೆಯಲ್ಲಿ ಎರಡು ರಾತ್ರಿ ಮರೆತರೆ ಕಂದು ಚುಕ್ಕೆ ಖಂಡಿತ, ಮೊಂಡಾದ ಮೇಲೆ ಸಾಮಾನ್ಯ ಕಲ್ಲಿನಲ್ಲಿ ಉಜ್ಜಿ ಉಜ್ಜಿ ತೋಳು ನೋಯುತ್ತದೆ. ಒಣ ಊರಿನವರಿಗೆ ಒಳ್ಳೆಯದು. ಮಡಿಕೇರಿಯಿಂದ ಪಶ್ಚಿಮಕ್ಕೆ ಇರುವವರಿಗೆ ನಾನು ಹೇಳುವುದಿಲ್ಲ.

ನಮಗೆ ಹೊಂದುವುದು ಮಧ್ಯದ ದಾರಿಯ ಉಕ್ಕುಗಳು. ಸ್ವೀಡನ್ ಮೂಲದ 12ಸಿ27 ಮತ್ತು 14ಸಿ28ಎನ್ ಎರಡರಲ್ಲೂ ಇಂಗಾಲ ಶೇ 0.6ರ ಹತ್ತಿರ, ಕ್ರೋಮಿಯಂ ಹದಿಮೂರು ಹದಿನಾಲ್ಕು. ಎರಡನೆಯದಕ್ಕೆ ತುಸು ಸಾರಜನಕ ಸೇರಿಸಿರುವುದರಿಂದ ತುಕ್ಕಿಗೆ ಇನ್ನಷ್ಟು ತಡೆ. ಚೀನಾದ 8ಸಿಆರ್13ಎಂಓವಿ ಇವಕ್ಕಿಂತ ಅಗ್ಗ, ತುಕ್ಕು ತಡೆಯುವುದರಲ್ಲಿ ಸ್ವಲ್ಪ ಹಿಂದೆ, ಆದರೆ ಒರೆಸಿಟ್ಟರೆ ಸಾಕು. 420 ಅಥವಾ 3ಸಿಆರ್13 ಎಂದಿದ್ದರೆ ತುಕ್ಕಿನ ಚಿಂತೆ ಬಿಡಿ, ಇಂಗಾಲ ಕಡಿಮೆ. ಚಿಂತೆ ಮಾಡಬೇಕಾದದ್ದು ಹರಿತದ ಬಗ್ಗೆ. ವಾರಕ್ಕೊಮ್ಮೆ ಕಲ್ಲು ಕಾಣಿಸಬೇಕು. ಹಾಗೆಂದು ಅದನ್ನು ತಳ್ಳಿಹಾಕಲಾರೆ. ಬೇಗ ಮೊಂಡಾಗುವುದು ಎರಡು ನಿಮಿಷದಲ್ಲಿ ಹರಿತವೂ ಆಗುತ್ತದೆ.

ಏನೂ ಬರೆಯದೆ ಬರೀ ‘ಸ್ಟೇನ್‌ಲೆಸ್ ಸ್ಟೀಲ್’ ಎಂದು ಕೆತ್ತಿದ್ದರೆ ಅದು ಯಾವ ಉಕ್ಕು ಬೇಕಾದರೂ ಆಗಿರಬಹುದು. ಅಲೆಅಲೆಯ ಚಿತ್ತಾರವಿರುವ ‘ಡಮಾಸ್ಕಸ್’ ಚಾಕು ಐನೂರು ರೂಪಾಯಿಗೆ ಸಿಕ್ಕಿದರೆ, ಆ ಚಿತ್ತಾರ ಲೇಸರಿನದ್ದೋ ಆಸಿಡ್ಡಿನದ್ದೋ ಎಂದು ತಿಳಿಯಿರಿ.

ಸ್ಟೇನ್‌ಲೆಸ್ ಅಲ್ಲದ, ಹಳೆಯ ಬಗೆಯ ಕಾರ್ಬನ್ ಉಕ್ಕಿನ ಚಾಕುವೂ ಇದೆ. ನಮ್ಮ ಕತ್ತಿಗಳ ಜಾತಿಯೇ ಅದು. ಕಿತ್ತಳೆ ರಸ ತಾಗಿದರೆ, ಅಡಿಕೆಯ ಚೊಗರು ತಾಗಿದರೆ, ಹಂದಿ ಮಾಂಸಕ್ಕೆ ಹಾಕುವ ಕಾಚಂಪುಳಿಯ ಹನಿ ಬಿದ್ದರೆ ಅಲಗು ಕಪ್ಪಗಾಗುತ್ತದೆ. ಈ ಕಪ್ಪಿಗೆ ಹೆದರಬೇಡಿ, ಅದು ಕೆಂಪು ತುಕ್ಕಿಗೆ ಸ್ವಲ್ಪ ತಡೆಯೂ ಹೌದು. ಕೆಂಪು ಕಂಡರೆ ಮಾತ್ರ ಒರೆಸಬೇಕು. ಕತ್ತಿಯನ್ನು ಒರೆಸಿ ಎಣ್ಣೆ ಸವರಿ ಇಡುವ ಅಭ್ಯಾಸ ಇದ್ದವರಿಗೆ ಕಾರ್ಬನ್ ಉಕ್ಕು ಕಷ್ಟವಲ್ಲ. ಇಲ್ಲದವರು ಅದರ ತಂಟೆಗೆ ಹೋಗಬಾರದು.

ಕೀಲು, ಬೀಗ

ಮಡಚುವ ಚಾಕುವಿನಲ್ಲಿ ಬೆರಳು ಕೊಯ್ದುಕೊಳ್ಳುವುದು ಹೆಚ್ಚಾಗಿ ಅಲಗು ಹಠಾತ್ತನೆ ಮಡಚಿಕೊಂಡಾಗ. ಇದನ್ನು ತಡೆಯಲು ಬಗೆಬಗೆಯ ಬೀಗಗಳಿವೆ. ಹಿಡಿಯೊಳಗಿನ ತೆಳು ತಗಡು ಪಕ್ಕಕ್ಕೆ ಬಾಗಿ ಅಲಗಿನ ಹಿಂಭಾಗಕ್ಕೆ ಒತ್ತಿ ನಿಲ್ಲುವುದು ಲೈನರ್ ಲಾಕ್. ಇಂದಿನ ಅಗ್ಗದ ಚಾಕುಗಳಲ್ಲಿ ಇದೇ ಹೆಚ್ಚು. ಹಿಡಿಯ ಬೆನ್ನಿನಲ್ಲಿ ಒತ್ತಿದರೆ ಬಿಡುವುದು ಬ್ಯಾಕ್ ಲಾಕ್. ಬೀಗವೇ ಇಲ್ಲದೆ ಬರೀ ಸ್ಪ್ರಿಂಗಿನ ಬಿಗಿಯಲ್ಲಿ ನಿಲ್ಲುವವೂ ಇವೆ, ಸ್ವಿಸ್ ಚಾಕುಗಳಲ್ಲಿ ಬಹುಪಾಲು ಹಾಗೆಯೇ. ಒತ್ತಿ ಚುಚ್ಚುವ ಕೆಲಸ ಮಾಡದಿದ್ದರೆ ಬೀಗವಿಲ್ಲದ್ದರಲ್ಲಿ ತಪ್ಪೇನಿಲ್ಲ. ಆದರೆ ತೋಟದಲ್ಲಿ ಕೈ ಒದ್ದೆ, ಹಗ್ಗ ಒದ್ದೆ. ಬೀಗ ಇದ್ದರೆ ನೆಮ್ಮದಿ.

ಬೀಗಕ್ಕಿಂತ ನಮ್ಮ ಹವೆಯಲ್ಲಿ ತಲೆಕೆಡಿಸಿಕೊಳ್ಳಬೇಕಾದದ್ದು ಕೀಲಿನ ಒಳಗು. ಮಣ್ಣು, ಹಲಸಿನ ಮೇಣ, ಕಿತ್ತಳೆಯ ರಸ ಎಲ್ಲ ಸೇರುವುದು ಅಲ್ಲಿಗೇ. ರಿವೆಟ್ ಬಡಿದು ಮುಚ್ಚಿದ ಚಾಕುವನ್ನು ಬಿಚ್ಚಲಾಗುವುದಿಲ್ಲ. ಸ್ಕ್ರೂ ಹಾಕಿದ್ದನ್ನು ಸಣ್ಣ ನಕ್ಷತ್ರ ತಿರುಪುಳಿಯಿಂದ ಬಿಚ್ಚಿ ತೊಳೆಯಬಹುದು. ಹಿಡಿಯ ಎರಡು ಹೋಳುಗಳ ನಡುವೆ ಬೆನ್ನಿನ ಕಡೆ ತೆರಪಿದ್ದರೆ ನಲ್ಲಿಯ ಕೆಳಗೆ ಹಿಡಿದರೂ ಕಸ ಹೊರಗೆ ಹೋಗುತ್ತದೆ. ಒಂದೇ ಬೆಲೆಯ ಎರಡು ಚಾಕುಗಳಲ್ಲಿ ಆರಿಸಬೇಕಾಗಿ ಬಂದರೆ ನಾನು ನೋಡುವುದು ಇದನ್ನೇ.

ಮರದ ಹಿಡಿಯ ಚಾಕುವಿನ ವಿಷಯವನ್ನು ಬೇರೆಯಾಗಿ ಹೇಳಬೇಕು. ಫ್ರಾನ್ಸಿನ ಸವೊಯ್ ಪರ್ವತ ಪ್ರದೇಶದಲ್ಲಿ 1890ರಲ್ಲಿ ಜೋಸೆಫ್ ಒಪಿನೆಲ್ ಎಂಬಾತ ರೈತರಿಗಾಗಿ ಮಾಡಿದ ಒಪಿನೆಲ್ ಚಾಕು ಇಂದಿಗೂ ಜಗತ್ತಿನ ಒಳ್ಳೆಯ ಅಗ್ಗದ ಚಾಕುಗಳಲ್ಲಿ ಒಂದು. ತೆಳು ಅಲಗು, ಬೀಚ್ ಮರದ ಹಿಡಿ, ಕೊರಳಲ್ಲಿ ತಿರುಗಿಸಿ ಬೀಗ ಹಾಕುವ ಉಕ್ಕಿನ ಬಳೆ. ಬಳೆ ಬಂದದ್ದು 1955ರಲ್ಲಿ. ಎಂಟನೇ ನಂಬರಿನ ಅಲಗು ಎಂಟೂವರೆ ಸೆಂಟಿಮೀಟರ್, ತೂಕ ಐವತ್ತು ಗ್ರಾಮಿಗೂ ಕಡಿಮೆ. ಕಾರ್ಬನ್ ಉಕ್ಕಿನಲ್ಲೂ ಸ್ಟೇನ್‌ಲೆಸ್ಸಿನಲ್ಲೂ ಸಿಗುತ್ತದೆ. ಕೊಯ್ಯುವ ಗುಣದಲ್ಲಿ ದುಬಾರಿ ಚಾಕುಗಳೂ ಇದರ ಮುಂದೆ ನಾಚಬೇಕು. ಆದರೆ ಮಳೆಗಾಲದಲ್ಲಿ ಮರ ನೀರು ಕುಡಿದು ಉಬ್ಬಿ ಅಲಗನ್ನು ಕಚ್ಚಿ ಹಿಡಿಯುತ್ತದೆ, ಉಗುರಿನಿಂದ ಎಳೆದರೆ ಬರುವುದಿಲ್ಲ. ಹಿಡಿಯ ಹಿಂಬದಿಯನ್ನು ಮೇಜಿನ ಅಂಚಿಗೆ ಒಮ್ಮೆ ಕುಟ್ಟಿದರೆ ಅಲಗಿನ ಮೊನೆ ಹೊರಗೆ ಇಣುಕುತ್ತದೆ. ಸವೊಯ್ ಜನ ಮಾಡುವುದೂ ಹಾಗೆಯೇ. ಬೇಸಿಗೆಯಲ್ಲಿ ಹಿಡಿ ಚೆನ್ನಾಗಿ ಒಣಗಿದಾಗ ಕೀಲಿನ ಸುತ್ತ ಅಗಸೆ ಎಣ್ಣೆಯನ್ನೋ ಕರಗಿಸಿದ ಜೇನುಮೇಣವನ್ನೋ ಎರಡು ಮೂರು ಸಲ ಕುಡಿಸಿಟ್ಟರೆ ಉಬ್ಬುವುದು ಬಹಳ ಕಡಿಮೆಯಾಗುತ್ತದೆ. ಜೇನುಮೇಣಕ್ಕೆ ಕೊಡಗಿನಲ್ಲಿ ಪರದಾಡಬೇಕಿಲ್ಲ.

ಎಷ್ಟು ದುಡ್ಡಿಗೆ ಯಾವುದು

ಬೆಲೆ ಏರಿಳಿಯುತ್ತಿರುತ್ತದೆ, ಆದ್ದರಿಂದ ಅಂದಾಜನ್ನಷ್ಟೇ ಹೇಳಬಲ್ಲೆ. ಐನೂರು ರೂಪಾಯಿಯೊಳಗೆ ಸಿಗುವ ಮಡಚುವ ಚಾಕುಗಳಲ್ಲಿ ಹೆಸರಿಲ್ಲದವೇ ಹೆಚ್ಚು. ಈ ಬೆಲೆಯಲ್ಲಿ ನಾನು ಹೇಳುವುದು ಬೇರೆ: ಗೊಬ್ಬರ, ತೋಟದ ಸಲಕರಣೆ ಮಾರುವ ಅಂಗಡಿಯಲ್ಲಿ ಕಸಿ ಚಾಕು ಕೇಳಿ. ಫಾಲ್ಕನ್ ಮುಂತಾದ ಭಾರತೀಯ ಕಂಪನಿಗಳು ಮಾಡುವ ಮಡಚುವ ಕಸಿ ಚಾಕುಗಳು ಸರಳ, ತೆಳು, ಕೆಲಸಕ್ಕೆಂದೇ ಮಾಡಿದವು. ಕೆಟ್ಟರೆ ಹೊಟ್ಟೆ ಉರಿಯುವುದಿಲ್ಲ.

ಒಂದು ಎಚ್ಚರಿಕೆ. ಕಸಿ ಕಟ್ಟುವ ಚಾಕುವಿಗೆ ಸಾಮಾನ್ಯವಾಗಿ ಒಂದೇ ಬದಿಯಲ್ಲಿ ಸಾಣೆ ಇರುತ್ತದೆ, ಇನ್ನೊಂದು ಬದಿ ಚಪ್ಪಟೆ. ಕೊಂಬೆಯನ್ನು ಓರೆಯಾಗಿ ಕೊಯ್ದಾಗ ಮೈ ಸಪಾಟಾಗಿ ಬರಲೆಂದು ಹಾಗೆ. ಅದರಲ್ಲಿ ಹಣ್ಣು ಕೊಯ್ದರೆ ಅಲಗು ಒಂದು ಕಡೆಗೆ ಎಳೆಯುತ್ತದೆ. ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರ ಬೆಣ್ಣೆಹಣ್ಣಿನ, ರಾಂಬುಟಾನಿನ ತಳಿಗಳನ್ನು ಬಿಡುಗಡೆ ಮಾಡಿದ ಮೇಲೆ ಮನೆಯಲ್ಲೇ ಕಸಿ ಮಾಡಲು ಹೊರಟವರು ಹೆಚ್ಚಾಗಿದ್ದಾರೆ. ಅಂಥವರು ಕಸಿಗೊಂದು, ಕಿಸೆಗೊಂದು ಎಂದು ಎರಡು ಚಾಕು ಇಟ್ಟುಕೊಳ್ಳಲೇಬೇಕು. ಗೊಬ್ಬರದ ಚೀಲ ಕೊಯ್ದ ಅಲಗನ್ನು ಕಸಿಗೆ ಬಳಸಿದರೆ ಅಂಚಿನ ಕಚ್ಚುಗಳು ತೊಗಟೆಯನ್ನು ಹರಿಯುತ್ತವೆ, ಗಿಡದಿಂದ ಗಿಡಕ್ಕೆ ರೋಗ ದಾಟುತ್ತದೆ. ಕಸಿ ಚಾಕುವನ್ನು ಪ್ರತಿ ಗಿಡದ ನಡುವೆ ಸ್ಪಿರಿಟ್ ಹತ್ತಿಯಿಂದ ಒರೆಸಬೇಕು.

ಸಾವಿರದಿಂದ ಎರಡು ಸಾವಿರದ ಆಚೀಚೆ ಹೋದರೆ ಆಯ್ಕೆ ಚೆನ್ನಾಗಿದೆ. ಒಪಿನೆಲ್ ಇಲ್ಲಿ ಬರುತ್ತದೆ. ಚೀನಾದ ಗಾಂಜೊ, ಸಾನ್‌ರೆನ್‌ಮು, ರೂಯ್ಕೆ ಹೆಸರಿನವು ಉಕ್ಕಿನ ಹೆಸರನ್ನು ಅಲಗಿನ ಮೇಲೆ ನಮೂದಿಸುತ್ತವೆ, ಬೀಗ ನಂಬಿಕೆಗೆ ಅರ್ಹ. ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ 1884ರಿಂದ ಚಾಕು ಮಾಡುತ್ತಿದೆ. ಅದರ 91 ಮಿಲಿಮೀಟರಿನ ಮಾದರಿಗಳಿಗೆ ಇನ್ನೂ ಸ್ವಲ್ಪ ಹೆಚ್ಚು ಕೊಡಬೇಕು. ಅದರ ಉಕ್ಕನ್ನು ಬೇಕೆಂದೇ ಸ್ವಲ್ಪ ಮೆದುವಾಗಿ ಇಟ್ಟಿದ್ದಾರೆ, ಗಡಸುತನದ ಅಳತೆಯಲ್ಲಿ 55–56. ತುಕ್ಕಿಗೆ ಗಟ್ಟಿ, ಸಾಣೆಗೆ ಸುಲಭ. ನನ್ನನ್ನು ಒಂದೇ ಹೆಸರು ಹೇಳೆಂದರೆ, ಮೇಕೇರಿಯಿಂದ ನಾಪೋಕ್ಲುವರೆಗಿನ ಮಳೆಯ ಪಟ್ಟಿಯಲ್ಲಿರುವವರಿಗೆ ಇದನ್ನೇ ಹೇಳುತ್ತೇನೆ, ಬೀಗ ಇಲ್ಲದಿದ್ದರೂ. ಆದರೆ ಹದಿನೈದು ಸಲಕರಣೆಗಳ ದಪ್ಪದ್ದು ಬೇಡ. ಅಲಗು, ಸಣ್ಣ ತಿರುಪುಳಿ, ಡಬ್ಬಿ ತೆರೆಯುವುದು ಇದ್ದರೆ ಆಯಿತು. ಇದರ ನಕಲುಗಳು ಬಹಳ. ಮುನ್ನೂರು ರೂಪಾಯಿಗೆ ಕೆಂಪು ಹಿಡಿಯ ಮೇಲೆ ಬಿಳಿ ಶಿಲುಬೆ ಕಂಡರೆ ಮುಖ್ಯ ಅಲಗಿನ ಬುಡ ನೋಡಿ. ಅಸಲಿಯಲ್ಲಿ ಕಂಪನಿಯ ಹೆಸರು ಸ್ಪಷ್ಟವಾಗಿ ಕೆತ್ತಿರುತ್ತದೆ.

ಮೂರು ಸಾವಿರ ದಾಟಿದರೆ ಅದು ಹವ್ಯಾಸ. ಹವ್ಯಾಸಕ್ಕೆ ನಾನು ಅಡ್ಡಿ ಬರುವುದಿಲ್ಲ.

ಅಂಗಡಿಯಲ್ಲಿ ನಿಂತು

ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ, ಸೋಮವಾರಪೇಟೆಯ ಸೋಮವಾರದ ಸಂತೆಯಲ್ಲಿ ಕತ್ತಿ ಕೊಳ್ಳುವವರನ್ನು ಗಮನಿಸಿ. ಅಲಗನ್ನು ಬೆರಳುಗುರಿನಿಂದ ಮೀಟಿ ಸದ್ದು ಕೇಳುತ್ತಾರೆ, ಒಂದು ಕಣ್ಣು ಮುಚ್ಚಿ ಅಂಚು ನೇರವಿದೆಯೇ ನೋಡುತ್ತಾರೆ, ಹಿಡಿಯನ್ನು ಅಲುಗಾಡಿಸುತ್ತಾರೆ. ಇದೇ ಜಾಣತನ ಮಡಚುವ ಚಾಕು ಕೊಳ್ಳುವಾಗ ಎಲ್ಲಿ ಹೋಗುತ್ತದೋ. ಡಬ್ಬಿಯ ಚಿತ್ರ ನೋಡಿ ದುಡ್ಡು ಕೊಟ್ಟು ಬರುತ್ತೇವೆ.

ಚಾಕುವನ್ನು ತೆರೆದು ಅಲಗನ್ನು ಎರಡು ಬೆರಳಲ್ಲಿ ಹಿಡಿದು ಎಡಬಲಕ್ಕೆ, ಆಮೇಲೆ ಮೇಲೆಕೆಳಗೆ ಅಲುಗಾಡಿಸಿ. ಎಡಬಲಕ್ಕೆ ಕೂದಲೆಳೆಯಷ್ಟು ಆಡಿದರೆ ಸ್ಕ್ರೂ ಬಿಗಿ ಮಾಡಿ ಸರಿಮಾಡಬಹುದು. ಮೇಲೆಕೆಳಗೆ ಆಡಿದರೆ ಬೀಗ ಸರಿಯಾಗಿ ಕೂತಿಲ್ಲ, ವಾಪಸು ಕೊಡಿ. ಬೀಗ ಹಾಕಿ, ಬೆರಳುಗಳು ಅಲಗಿನ ದಾರಿಯಲ್ಲಿ ಇಲ್ಲದಂತೆ ಹಿಡಿದು, ಅಲಗಿನ ಬೆನ್ನನ್ನು ಮೇಜಿನ ಅಂಚಿಗೆ ಮೆಲ್ಲಗೆ ತಟ್ಟಿ. ಬೀಗ ಜಾರಬಾರದು. ಮಡಚಿದಾಗ ಅಲಗು ಹಿಡಿಯ ನಡುಮಧ್ಯೆ ಕೂರಬೇಕು, ಮೊನೆ ಹೊರಗೆ ಇಣುಕಬಾರದು. ಮೊನೆ ಇಣುಕುವ ಚಾಕು ಕಿಸೆಯಲ್ಲಿ ಬೆರಳಿಗೆ ಕಾದು ಕೂತಿರುತ್ತದೆ. ಕೊನೆಗೆ ಒದ್ದೆ ಕೈಯಲ್ಲಿ ತೆರೆದು ನೋಡಿ. ಅಂಗಡಿಯವರು ವಿಚಿತ್ರವಾಗಿ ನೋಡಿದರೂ ಪರವಾಗಿಲ್ಲ. ನಿಮ್ಮ ಚಾಕು ನಾಲ್ಕು ತಿಂಗಳು ಬದುಕುವುದು ಒದ್ದೆ ಕೈಯಲ್ಲೇ.

ಅಂಗಡಿಯಿಂದ ಬಂದಾಗಿನ ಹರಿತವನ್ನು ಮಾತ್ರ ಅಳೆಯಬೇಡಿ. ಕಾಗದ ಹರಿದು ತೋರಿಸುವುದು ಮಾರಾಟದ ಆಟ. ಆ ಹರಿತ ಒಂದು ವಾರದ್ದು, ಆಮೇಲಿನದ್ದೆಲ್ಲ ನಿಮ್ಮ ಕಲ್ಲಿನದ್ದು.

ಎಣ್ಣೆ, ಕಲ್ಲು

ಚಾಕುವಿಗೆ ತೆಂಗಿನೆಣ್ಣೆ ಹಾಕುವವರಿದ್ದಾರೆ. ಮಂಗಳೂರಿನಲ್ಲಿ ನಡೆಯುತ್ತದೆ. ತೆಂಗಿನೆಣ್ಣೆ 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ. ಮಡಿಕೇರಿಯ ಡಿಸೆಂಬರಿನಲ್ಲಿ ತಲೆಗೆ ಹಚ್ಚುವ ಎಣ್ಣೆಯ ಬಾಟಲಿಯನ್ನೇ ಬಿಸಿನೀರಿನಲ್ಲಿ ಇಡುತ್ತೇವೆ, ಚಾಕುವಿನ ಕೀಲಿನೊಳಗೆ ಅದು ಗಟ್ಟಿಯಾಗದೆ ಇರುತ್ತದೆಯೇ? ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಕೀಲಿಗೆ ಸಾಕು. ಕೋವಿ ಇರುವ ಮನೆಯಲ್ಲಿ ಗನ್ ಆಯಿಲ್ ಇದ್ದೇ ಇರುತ್ತದೆ, ಅದೂ ಕೀಲಿಗೆ ಆಗುತ್ತದೆ. ಆದರೆ ಹಣ್ಣು ಕೊಯ್ಯುವ ಅಲಗಿಗೆ ಇವೆರಡೂ ಬೇಡ. ಮೆಡಿಕಲ್ ಶಾಪಿನಲ್ಲಿ ಮಲಬದ್ಧತೆಗೆಂದು ಕೊಡುವ ಲಿಕ್ವಿಡ್ ಪ್ಯಾರಾಫಿನ್ ಕೇಳಿ. ಬಣ್ಣ, ವಾಸನೆ ಇಲ್ಲ, ಕಮಟುವುದಿಲ್ಲ, ಬಾಯಿಗೆ ಹೋದರೂ ಭಯವಿಲ್ಲ. ಒಂದು ಬಾಟಲಿ ಚಾಕುವಿಗೆ ವರ್ಷಗಟ್ಟಲೆ ಬರುತ್ತದೆ.

ಮಳೆಗಾಲದಲ್ಲಿ ಸಂಜೆ ಬಂದ ಮೇಲೆ ಚಾಕುವನ್ನು ತೆರೆದೇ ಇಡಿ, ಮಕ್ಕಳ ಕೈಗೆ ಎಟುಕದ ಕಡೆ, ಒಲೆಯ ಮೇಲಿನ ಅಟ್ಟದಂಥ ಬೆಚ್ಚಗಿನ ಜಾಗದಲ್ಲಿ. ಮಡಚಿಟ್ಟರೆ ತೇವ ಒಳಗೇ ಕೂರುತ್ತದೆ. ಚರ್ಮದ ಒರೆಯಲ್ಲಿಡುವುದು ಇನ್ನೂ ಕೆಟ್ಟದ್ದು, ಚರ್ಮ ತೇವ ಹಿಡಿದಿಟ್ಟು ಅಲಗಿಗೆ ಕೊಡುತ್ತಲೇ ಇರುತ್ತದೆ. ಹಲಸು ಕೊಯ್ಯುವ ಮೊದಲು ಅಲಗಿಗೆ, ಕೀಲಿನ ಬಾಯಿಗೆ ಅಡುಗೆ ಎಣ್ಣೆ ಸವರಿ. ಮೇಣ ಅಂಟಿದ ಮೇಲೆ ನೀರು, ಸೋಪು ಏನೂ ಮಾಡಲಾರವು. ಎಣ್ಣೆಯಿಂದಲೇ ಉಜ್ಜಿ ತೆಗೆಯಬೇಕು.

ಸಾಣೆಗೆ ಹಾರ್ಡ್‌ವೇರ್ ಅಂಗಡಿಯ ಎರಡು ಮುಖದ ಕಾರ್ಬೊರಂಡಮ್ ಕಲ್ಲು ಸಾಕು, ಒಂದು ಮುಖ ಉರುಟು, ಇನ್ನೊಂದು ನುಣುಪು. ಅಲಗನ್ನು ಕಲ್ಲಿಗೆ ಸುಮಾರು ಇಪ್ಪತ್ತು ಡಿಗ್ರಿ ಎತ್ತಿ ಹಿಡಿಯಬೇಕು. ಅಲಗನ್ನು ನೆಟ್ಟಗೆ ನಿಲ್ಲಿಸಿ, ಅದರ ಅರ್ಧಕ್ಕೆ ಬಾಗಿಸಿ, ಮತ್ತೆ ಅದರ ಅರ್ಧಕ್ಕೆ ಬಾಗಿಸಿದರೆ ಹತ್ತಿರ ಹತ್ತಿರ ಆ ಕೋನ ಬರುತ್ತದೆ. ಒಂದು ಬದಿ ಉಜ್ಜುತ್ತಾ ಹೋದರೆ ಇನ್ನೊಂದು ಬದಿಯಲ್ಲಿ ಬೆರಳಿಗೆ ಸಣ್ಣ ಗರಿ ತಾಗುತ್ತದೆ. ಗರಿ ಅಂಚಿನುದ್ದಕ್ಕೂ ಬರುವವರೆಗೆ ಬದಿ ಬದಲಿಸಬಾರದು. ಮನೆಯಲ್ಲಿ ಸಾಣೆ ಹಿಡಿದು ‘ಹರಿತವೇ ಆಗಲಿಲ್ಲ’ ಎನ್ನುವವರಲ್ಲಿ ಹೆಚ್ಚಿನವರು ಇಲ್ಲಿಯೇ ಅವಸರ ಮಾಡಿರುತ್ತಾರೆ. ಆಮೇಲೆ ಇನ್ನೊಂದು ಬದಿ, ಆಮೇಲೆ ನುಣುಪು ಮುಖ, ಕೊನೆಗೆ ಹಳೆಯ ಬೆಲ್ಟಿನ ಒಳಮೈಗೆ ಹತ್ತಿಪ್ಪತ್ತು ಎಳೆತ. ಕಲ್ಲು ಇಲ್ಲದ ಕಡೆ ಪಿಂಗಾಣಿ ಕಪ್ಪಿನ ತಳದ ಹೊಳಪಿಲ್ಲದ ಬಳೆಯಂಚೂ ಕೆಲಸ ಮಾಡುತ್ತದೆ. ಸಾಣೆಚಕ್ರಕ್ಕೆ ಮಾತ್ರ ಕೊಡಬೇಡಿ. ಕತ್ತಿಯ ದಪ್ಪ ಅಲಗು ಆ ಕಾವನ್ನು ತಾಳಬಹುದು. ಚಾಕುವಿನ ತೆಳು ಅಂಚು ಕಿಡಿ ಹಾರುವಾಗಲೇ ನೀಲಿಗಟ್ಟುತ್ತದೆ, ಹದ ಹೋಗುತ್ತದೆ, ಮತ್ತೆ ಹರಿತ ನಿಲ್ಲುವುದಿಲ್ಲ.

ಎಲ್ಲಿ ಕಿಸೆಯಲ್ಲಿಡಬಹುದು, ಎಲ್ಲಿ ಇಡಬಾರದು

ಕೊಡಗಿನವರಿಗೆ ಇಲ್ಲೊಂದು ತಪ್ಪು ಕಲ್ಪನೆ ಸುಲಭವಾಗಿ ಬರುತ್ತದೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿಯ ಪರವಾನಗಿಯಿಂದ ವಿನಾಯಿತಿ ಇದೆ; 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಕೋವಿಗೇ ಅಡ್ಡಿಯಿಲ್ಲದ ಮೇಲೆ ಚಾಕುವಿಗೇನು ಎಂದು ಹೇಳುವವರಿದ್ದಾರೆ. ಚಾಕುವಿನ ಲೆಕ್ಕ ಬೇರೆಯೇ.

ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲದ ಅಲಗಿನ ಚೂರಿ, ಕತ್ತಿಗಳು ಬರುತ್ತವೆ. ಮನೆಬಳಕೆ, ಕೃಷಿ, ವಿಜ್ಞಾನ, ಕೈಗಾರಿಕೆಗಾಗಿ ಮಾಡಿದವು ಅದರಿಂದ ಹೊರಗೆ. ಮೂರಿಂಚಿನ ಕಿಸೆಯ ಚಾಕು ಆ ಅಳತೆಯ ಹತ್ತಿರಕ್ಕೂ ಬರುವುದಿಲ್ಲ. ಆದರೆ ದೆಹಲಿಯಲ್ಲಿ 1980ರ ಅಧಿಸೂಚನೆಯೊಂದಿದೆ. ಗುಂಡಿ ಒತ್ತಿದರೆ ಅಥವಾ ಬೇರೆ ಯಾಂತ್ರಿಕ ಏರ್ಪಾಟಿನಿಂದ ತೆರೆಯುವ, 7.62 ಸೆಂಟಿಮೀಟರ್ ಅಥವಾ ಹೆಚ್ಚು ಉದ್ದ, 1.72 ಸೆಂಟಿಮೀಟರ್ ಅಥವಾ ಹೆಚ್ಚು ಅಗಲದ ಚಾಕುಗಳಿಗೆ ಅದು ನಿರ್ಬಂಧ ಹೇರುತ್ತದೆ. ಮಗನನ್ನೋ ಮಗಳನ್ನೋ ನೋಡಲು ದೆಹಲಿಗೆ ಹೋಗುವವರು ಚಾಕುವನ್ನು ಮನೆಯಲ್ಲೇ ಬಿಡಿ. ದೆಹಲಿಯ ಮಾತು ಹಾಗಿರಲಿ, ಗುಂಡಿ ಒತ್ತಿದರೆ ಟಪ್ಪೆಂದು ಹಾರುವ ರಾಂಪುರಿ ಜಾತಿಯ ಚಾಕುವನ್ನು ಎಲ್ಲಿಯೂ ಕೊಳ್ಳಬೇಡಿ. ಅದರ ಸ್ಪ್ರಿಂಗು ನಮ್ಮ ಮಳೆಯಲ್ಲಿ ಮೊದಲು ಸಾಯುತ್ತದೆ. ಪೊಲೀಸರ ಕಣ್ಣಿಗೂ ಮೊದಲು ಬೀಳುತ್ತದೆ.

ನಿಷೇಧಾಜ್ಞೆ ಜಾರಿಯಲ್ಲಿದ್ದಾಗ ಚಾಕು ಮನೆಯಲ್ಲಿರಲಿ. ಹಿಂದೆ 144ನೇ ಸೆಕ್ಷನ್ ಎನ್ನುತ್ತಿದ್ದದ್ದು 2024ರ ಜುಲೈ 1ರಿಂದ ಹೊಸ ಸಂಹಿತೆಯ 163. ಇಂಥ ಆದೇಶಗಳಲ್ಲಿ ಆಯುಧ ಹಿಡಿದು ತಿರುಗುವುದನ್ನು ಸಾಮಾನ್ಯವಾಗಿ ನಿಷೇಧಿಸುತ್ತಾರೆ, ಚುನಾವಣೆಯ ದಿನಗಳಲ್ಲಿ ತಪಾಸಣೆಯೂ ಬಿಗಿ. ‘ಕಿತ್ತಳೆ ಸುಲಿಯಲು ಸಾರ್’ ಎಂಬ ವಿವರಣೆ ಅಂದು ಯಾರ ಕಿವಿಗೂ ಬೀಳುವುದಿಲ್ಲ.

ಹೆಚ್ಚು ಮಂದಿ ಎಡವುವ ಜಾಗ ಕಾಡು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಆಯುಧ’ ಎಂಬುದರ ವ್ಯಾಖ್ಯೆಯೊಳಗೆ ಕೋವಿ, ಬಲೆ, ಉರುಳುಗಳ ಜೊತೆ ಚಾಕುವೂ ಇದೆ, ಅಳತೆಯ ಮಾತೇ ಇಲ್ಲದೆ. ಅನುಮತಿಯಿಲ್ಲದೆ ಆಯುಧದೊಡನೆ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ಕಾಲಿಡುವಂತಿಲ್ಲ. ನಾಗರಹೊಳೆ, ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ಎಲ್ಲವೂ ಈ ಸಾಲಿನವು. ಇರ್ಪುವಿನಿಂದ ಬ್ರಹ್ಮಗಿರಿ ಹತ್ತುವವರು, ಬೀದಳ್ಳಿಯಿಂದ ಪುಷ್ಪಗಿರಿ ಏರುವವರು ಚಾರಣದ ಚೀಲದಲ್ಲಿ ಚಾಕು ತುಂಬಿಕೊಳ್ಳುವ ಮೊದಲು ಅರಣ್ಯ ಇಲಾಖೆಯ ಚೆಕ್‌ಪೋಸ್ಟಿನಲ್ಲಿ ಕೇಳಿ, ಬೇಡವೆಂದರೆ ಗಾಡಿಯಲ್ಲಿ ಬಿಟ್ಟು ಹೋಗಿ. ಆನೆಯೋ ಹುಲಿಯೋ ಎದುರಾದರೆ ಎಂಬ ಯೋಚನೆಯಿಂದ ಚಾಕು ಒಯ್ಯುವವರಿಗೆ ಹೇಳುವುದಕ್ಕೆ ನನ್ನಲ್ಲಿ ಏನೂ ಇಲ್ಲ.

ಕಣ್ಣೂರಿನಿಂದಲೋ ಮಂಗಳೂರಿನಿಂದಲೋ ವಿಮಾನ ಹತ್ತುವವರು ಚಾಕುವನ್ನು ಹಿಂದಿನ ರಾತ್ರಿಯೇ ಕಿಸೆಯಿಂದ ತೆಗೆದು ಕೌಂಟರಿನಲ್ಲಿ ಕೊಡುವ ಸೂಟ್‌ಕೇಸಿಗೆ ಹಾಕಿಬಿಡಿ. ಕೀಲಿಗೊಂಚಲಲ್ಲಿ ನೇತಾಡುವ ಪುಟ್ಟ ಸ್ವಿಸ್ ಚಾಕುವನ್ನು ಮರೆಯುವವರೇ ಹೆಚ್ಚು, ಭದ್ರತಾ ತಪಾಸಣೆಯ ಡಬ್ಬದಲ್ಲಿ ಬಿದ್ದದ್ದು ವಾಪಸು ಬರುವುದಿಲ್ಲ.